ಮಠದ ಒಲೆಯಿಂದ ಶುರು ಮಾಡಿ

ಹವಾಮಾನ ಬದಲಾವಣೆಗೆ ಮಠ, ಗುಡಿ, ದರ್ಗಾದವರು ಏನು ಮಾಡಬಹುದು ಅಂತ ಕೇಳಿದರೆ ಎಲ್ಲರೂ ಮೊದಲು ಸಸಿ ನೆಡುವ ಮಾತಾಡುತ್ತಾರೆ. ಗದಗ ಜಿಲ್ಲೆಯ ಒಂದು ಹಳ್ಳಿ ಮಠದಲ್ಲಿ ದಾಸೋಹದ ಉಸ್ತುವಾರಿ ನೋಡಿಕೊಳ್ಳುವವಳು ನಾನು. ನನ್ನನ್ನು ಕೇಳಿದರೆ, ಮೊದಲು ಒಲೆ ನೋಡಿ.

ವರ್ಷದ ಖರ್ಚಿನ ವಹಿ ತೆಗೆಯಿರಿ. ಸಿಲಿಂಡರ್ ಎಷ್ಟು, ಕಟ್ಟಿಗೆ ಎಷ್ಟು, ಕರೆಂಟ್ ಬಿಲ್ ಎಷ್ಟು, ಬರೆದುಕೊಳ್ಳಿ. 19 ಕೆ.ಜಿ.ಯ ಒಂದು ಸಿಲಿಂಡರ್ ಉರಿದರೆ ಸುಮಾರು 57 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಬೇಳೆ ಮೊದಲೇ ನೆನೆಹಾಕುವುದು, ಪಾತ್ರೆಗೆ ಮುಚ್ಚಳ ಮುಚ್ಚಿ ಬೇಯಿಸುವುದು, ಇವು ದುಡ್ಡಿಲ್ಲದೆ ಇವತ್ತೇ ಆಗುವ ಕೆಲಸ.

ಆಮೇಲೆ ಏನು ಬಡಿಸುತ್ತೀರಿ ನೋಡಿ. ಇದು ಬಹಳ ಮಂದಿಗೆ ಹೊಳೆಯುವುದೇ ಇಲ್ಲ. ಭತ್ತ ಬೆಳೆಯುವುದು ಸಾಮಾನ್ಯವಾಗಿ ನೀರು ನಿಂತ ಗದ್ದೆಯಲ್ಲಿ. ಆ ಕೆಸರಿನಿಂದ ಮೀಥೇನ್ ಏಳುತ್ತದೆ. ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಜಾಸ್ತಿ ಕಾವು ಹಿಡಿದಿಡುವ ಅನಿಲ ಅದು. ನಮ್ಮ ಎರೆ ಹೊಲದ ಬಿಳಿಜೋಳ ಹಾಗಲ್ಲ. ಹಿಂಗಾರಿನಲ್ಲಿ ಬಿತ್ತಿದರೆ ನೆಲದಲ್ಲಿ ಉಳಿದ ಹಸಿಯಲ್ಲೇ ಬರುತ್ತದೆ. ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ ಗೊತ್ತಲ್ವಾ? ಅಲ್ಲಿ ಜೋಳದ ರೊಟ್ಟಿ, ಅದಕ್ಕೆ ನಂಜಿಕೊಳ್ಳುವ ಕರಿಂಡಿಯೇ ಪ್ರಸಾದ. ನಿಮ್ಮ ಊರಲ್ಲೂ ಅಮಾವಾಸ್ಯೆ ದಾಸೋಹಕ್ಕೆ ಓಣಿಗೊಂದು ಪಾಳಿ ಹಚ್ಚಿ, ಮನೆಗಿಷ್ಟು ರೊಟ್ಟಿ ಕೇಳಿ. ಉಳಿದ ಅನ್ನ ಮರುದಿನ ಹಳಸುತ್ತದೆ. ಖಡಕ್ ರೊಟ್ಟಿ ವಾರಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಅನ್ನ ಪೂರ್ತಿ ಬಿಡಿ ಅನ್ನುತ್ತಿಲ್ಲ, ಹಿರಿಯರಿಗೆ, ಹಲ್ಲಿಲ್ಲದವರಿಗೆ ಬೇಕೇ ಬೇಕು.

ಹಳಸಿದ್ದು, ತರಕಾರಿ ಸಿಪ್ಪೆ ತಿಪ್ಪೆಯಲ್ಲಿ ಕೊಳೆತರೆ ಅಲ್ಲೂ ಮೀಥೇನೇ. ಮಠದಲ್ಲಿ ದನ ಇದ್ದರೆ ಸೆಗಣಿ ಜೊತೆ ಗೋಬರ್ ಗ್ಯಾಸ್ ಗುಂಡಿಗೆ ಹಾಕಿ. ಆ ಮೀಥೇನ್ ಒಲೆಗೆ ಬರುತ್ತದೆ, ಬಗ್ಗಡ ಹೊಲಕ್ಕೆ ಹೋಗುತ್ತದೆ.

ಮಳೆ ಈಗ ಬಂದರೆ ಒಮ್ಮೆಲೇ ಸುರಿಯುತ್ತದೆ, ಇಲ್ಲದಿದ್ದರೆ ಕೈಕೊಡುತ್ತದೆ. ಬಿದ್ದಾಗಲೇ ಹಿಡಿಯಬೇಕು. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 200 ಚದರ ಮೀಟರ್ ಮಾಳಿಗೆಗೆ ವರ್ಷಕ್ಕೆ 600 ಮಿ.ಮೀ. ಅಂತ ಹಿಡಿದರೆ 1,20,000 ಲೀಟರ್. ಐದರಲ್ಲೊಂದು ಪಾಲು ಕಳೆದರೂ 96,000. ಮೊದಲ ಮಳೆಯ ನೀರು ಹೊರಗೆ ಬಿಡಿ, ಮಾಳಿಗೆ ತೊಳೆದು ಹೋಗಲಿ. ಆಮೇಲಿನದನ್ನು ಸೋಸಿ ಟಾಕಿಗೆ ತುಂಬಿಸಿ.

ಸಸಿ ಬೇಡ ಅಂತಲ್ಲ. ಬೇವು, ಹುಣಸೆ, ಹೊಂಗೆ ನೆಡಿ. ಆದರೆ ಏಪ್ರಿಲ್‌ನಲ್ಲಿ ಯಾವ ಸಸಿಗೆ ಯಾವ ಮನೆಯವರು ನೀರು ಹಾಕುತ್ತಾರೆ ಅಂತ ಬರೆದಿಟ್ಟೇ ನೆಡಿ.

"ಮಠಕ್ಕೆ ಇದೆಲ್ಲ ಯಾಕೆ?" ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ನಮ್ಮ ಜಿಲ್ಲೆಯ ಕಪ್ಪತಗುಡ್ಡ ನೆನಪಿಸಿ. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಗಣಿಗಾರಿಕೆಯಿಂದ ಆ ಗುಡ್ಡ ಉಳಿಸುವ ಹೋರಾಟದ ಮುಂದೆ ನಿಂತವರು. 2019ರಲ್ಲಿ ಅದು ವನ್ಯಜೀವಿ ಧಾಮ ಆಯಿತು.

ದುಡ್ಡಿನ ಚಿಂತೆ ಮಾಡಬೇಡಿ. ಭಕ್ತರು ಹೆಸರು ಬರೆಸಿ ಫ್ಯಾನು, ಗಡಿಯಾರ ಕೊಡುತ್ತಲೇ ಇರುತ್ತಾರೆ. ಏನು ಬೇಕು ಅಂತ ನಾವು ಹೇಳಿದರೆ ಅದನ್ನೇ ಕೊಡುತ್ತಾರೆ. ಶ್ರಾವಣದ ಪ್ರವಚನ ಮುಗಿಯುವ ದಿನ ಊರೆಲ್ಲ ಸೇರಿರುತ್ತದೆ. ಅವತ್ತು ಸ್ವಾಮಿಗಳಿಂದಲೇ ಸಿಲಿಂಡರ್ ಲೆಕ್ಕ ಓದಿಸಿ. ಟಾಕಿಗೆ ಪೈಪು ಯಾರದು, ಗ್ಯಾಸ್ ಗುಂಡಿಗೆ ಇಟ್ಟಿಗೆ ಯಾರದು ಅಂತ ಅಲ್ಲೇ ಹೆಸರು ಬರೆದುಕೊಳ್ಳಿ.