ಬ್ಯಾಂಕಾಕಿನಲ್ಲಿ ಥಾಯ್ ಊಟ: ಆರ್ಡರ್ ಹೇಳುವುದು ಹೇಗೆ?

ಬೆಂಗಳೂರಿನಿಂದ ನಾಲ್ಕು ಗಂಟೆಯ ವಿಮಾನ ಪ್ರಯಾಣ. ಬ್ಯಾಂಕಾಕಿಗೆ ಹೋದವರು ಒಂದು ರಾತ್ರಿಯಾದರೂ ಒಳ್ಳೆಯ ಥಾಯ್ ರೆಸ್ಟೊರೆಂಟಿನಲ್ಲಿ ಉಣ್ಣಬೇಕೆಂದು ಆಸೆಪಡುತ್ತಾರೆ. ಎಡವುವುದು ಮಾತ್ರ ಮೆನು ಕೈಗೆ ಬಂದಾಗ. ನಾಲ್ವರು ಕೂತು ತಲಾ ಒಂದು ಪ್ಲೇಟ್ ಹೇಳುತ್ತಾರೆ: ಎರಡು ಗ್ರೀನ್ ಕರಿ, ಎರಡು ಪಾಡ್ ಥಾಯ್ (ಹುರಿದ ಅಕ್ಕಿ ನೂಡಲ್ಸ್). ಅರ್ಧ ಊಟಕ್ಕೇ ತೆಂಗಿನ ಹಾಲು ಮುಖ ಹೊಡೆಯುತ್ತದೆ.

1. ಜಾಗ ಆರಿಸಿ. 2024ರ ನವೆಂಬರಿನಲ್ಲಿ ಮಿಶೆಲಿನ್ ಗೈಡಿನ ಅತ್ಯುನ್ನತ ದರ್ಜೆಯಾದ ಮೂರು ಸ್ಟಾರ್ ಪಡೆದ ಸೋರ್ನ್ ಎಂಬ ರೆಸ್ಟೊರೆಂಟಿನಂಥ ಕಡೆ ಅಡುಗೆಮನೆ ನಿಗದಿ ಮಾಡಿದ್ದನ್ನೇ ಉಣ್ಣಬೇಕು. ಮೊದಲ ಸಲ ಹೋಗುವವರು ಮೆನು ನೋಡಿ ಆರಿಸಿ, ಹಂಚಿಕೊಂಡು ಉಣ್ಣುವ ರೆಸ್ಟೊರೆಂಟಿಗೇ ಹೋಗಿ. ನೃತ್ಯ ತೋರಿಸಿ ಬಫೆ ಬಡಿಸುವ ಪ್ಯಾಕೇಜ್ ಡಿನ್ನರ್ ಬೇಡವೇ ಬೇಡ. ಟ್ರೇಯಲ್ಲಿ ಬಿಸಿಯಾಗಿಟ್ಟ ಕರಿಯಲ್ಲಿ ತುಳಸಿಯ ಪರಿಮಳ ಉಳಿದಿರುವುದಿಲ್ಲ.

2. ಟೇಬಲ್ ಕಾಯ್ದಿರಿಸುವಾಗಲೇ ಸಸ್ಯಾಹಾರದ ವಿಷಯ ಬರೆಯಿರಿ. ಕೂತ ಮೇಲೆ ‘ವೆಜ್’ ಎಂದರೆ ಮಾಂಸದ ತುಂಡು ತೆಗೆದು ಟೋಫು ಹಾಕಿ ತರುವ ಸಾಧ್ಯತೆಯೇ ಹೆಚ್ಚು. ಉಪ್ಪಿನ ಜಾಗದಲ್ಲಿ ಬೀಳುವ ಮೀನಿನ ಸಾಸ್ (ನಾಮ್ ಪ್ಲಾ) ಹಾಗೇ ಇರುತ್ತದೆ. ಅದಕ್ಕಿಂತ ಕಷ್ಟದ್ದು ಕಪಿ, ಅಂದರೆ ಹುದುಗಿಸಿದ ಸೀಗಡಿಯ ಪೇಸ್ಟ್. ಗ್ರೀನ್, ರೆಡ್, ಮಸ್ಸಮನ್ ಕರಿಗಳ ಮಸಾಲೆ ರುಬ್ಬುವಾಗಲೇ ಅದು ಸೇರಿರುತ್ತದೆ. ರಾತ್ರಿ ಎಂಟಕ್ಕೆ ಕೇಳಿದರೆ ತೆಗೆದುಹಾಕಲು ಬರುವುದಿಲ್ಲ, ಬೇರೆ ಮಸಾಲೆಯೇ ರುಬ್ಬಬೇಕು. ಆದ್ದರಿಂದ ಕನಿಷ್ಠ ಎರಡು ದಿನ ಮೊದಲೇ ಈ ಪಟ್ಟಿ ಕಳಿಸಿ: ಮೀನಿನ ಸಾಸ್, ಕಪಿ, ಒಣ ಸೀಗಡಿ, ಆಯ್ಸ್ಟರ್ ಸಾಸ್, ಕೋಳಿ ಅಥವಾ ಹಂದಿಮೂಳೆಯ ಸ್ಟಾಕ್, ಇವು ಯಾವುದೂ ಬೇಡ. ಮೊಟ್ಟೆ ನಡೆಯುತ್ತದೆಯೇ ಇಲ್ಲವೇ ಎಂಬುದನ್ನೂ ಬರೆಯಿರಿ. ಸೊಮ್ ತಮ್ ಬರೀ ಪರಂಗಿಕಾಯಿಯ ಸಲಾಡ್ ಅಂದುಕೊಂಡವರು ಬಹಳ ಮಂದಿ. ಅದರಲ್ಲೂ ಮೀನಿನ ಸಾಸ್ ಇದೆ, ಸಾಮಾನ್ಯವಾಗಿ ಒಣ ಸೀಗಡಿಯೂ ಇರುತ್ತದೆ.

ಫೋನಿನ ಅನುವಾದ ಆ್ಯಪ್ ತೋರಿಸಿ ಕೆಲಸ ಮುಗಿಸುವ ಅಡ್ಡದಾರಿ ನೆಚ್ಚಬೇಡಿ. ‘ವೆಜ್’ಗೆ ಥಾಯ್‌ನಲ್ಲಿ ಎರಡು ಪದಗಳಿವೆ. ‘ಮಂಗ್ಸವಿರತ್’ ಎಂದರೆ ಮಾಂಸ ಇಲ್ಲದ್ದು, ಮೊಟ್ಟೆ-ಹಾಲು ಇರಬಹುದು. ‘ಜೇ’ ಎಂದರೆ ಮೊಟ್ಟೆ, ಹಾಲಿನ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರಿಗೆ ಎರಡನೆಯದೇ ಸರಿ. ತಿನ್ನುವವರು ಸುಮ್ಮನೆ ‘ಜೇ’ ಎನ್ನಬೇಡಿ. ಬೆಳ್ಳುಳ್ಳಿ ಇಲ್ಲದ ಥಾಯ್ ಮಸಾಲೆ ಅಪರೂಪ, ನಿಮ್ಮ ಮೆನು ಸುಮ್ಮಸುಮ್ಮನೆ ಎರಡು ಐಟಮ್ಮಿಗೆ ಇಳಿಯುತ್ತದೆ.

3. ಬಟ್ಟೆ. ಗಂಡಸರಿಗೆ ಪ್ಯಾಂಟು, ಕಾಲರ್ ಇರುವ ಅಂಗಿ, ಮುಚ್ಚಿದ ಚಪ್ಪಲಿ ಅಥವಾ ಶೂ. ಚಡ್ಡಿ, ಹವಾಯಿ ಚಪ್ಪಲಿಗೆ ಬಾಗಿಲಲ್ಲೇ ತಡೆ ಬೀಳಬಹುದು.

4. ಆರ್ಡರ್. ಥಾಯ್ ಊಟದ ನಡುವೆ ಅನ್ನ, ಸುತ್ತ ಎಲ್ಲರಿಗೂ ಸೇರಿದ ಬಟ್ಟಲುಗಳು. ನಾಲ್ವರಿಗೆ ಐದು ಬಗೆ ಸಾಕು: ಒಂದು ಸಾರಿನಂಥದ್ದು (ತೊಮ್), ಒಂದು ಕರಿ (ಕೇಂಗ್), ಹುಳಿ-ಖಾರದ ಒಂದು ಯಾಮ್ ಸಲಾಡ್, ಹುರಿದ ಸೊಪ್ಪು ಅಥವಾ ತರಕಾರಿ (ಪಾಡ್), ಹಸಿ ತರಕಾರಿಯ ಜೊತೆ ನಾಮ್ ಪ್ರಿಕ್ ಎಂಬ ಖಾರದ ಚಟ್ನಿ. ಇಬ್ಬರಿದ್ದರೆ ಮೂರು. ತೆಂಗಿನ ಹಾಲಿನದು ಒಂದೇ ಇರಲಿ. ತೆಂಗಿನ ಹಾಲಿನ ಸಾರಾದ ತೊಮ್ ಖಾ ಹೇಳಿದ್ದೀರಾ, ಹಾಗಿದ್ದರೆ ಗ್ರೀನ್ ಕರಿ ಬಿಡಿ, ತೆಂಗಿನ ಹಾಲಿಲ್ಲದ ಕೇಂಗ್ ಪಾ ಕೇಳಿ. ಗ್ರೀನ್ ಕರಿ ಬೇಕೇ ಬೇಕೆಂದರೆ ಸಾರಿಗೆ ತೆಂಗಿನ ಹಾಲಿಲ್ಲದ ತೆಳು ತೊಮ್ ಯಾಮ್ ಹೇಳಿ. ಅಪ್ಪ-ಅಮ್ಮ ಜೊತೆಗಿದ್ದರೆ ಮಸ್ಸಮನ್ ಒಳ್ಳೆಯದು, ಚಕ್ಕೆ, ಏಲಕ್ಕಿ, ಆಲೂಗಡ್ಡೆ ನಾಲಿಗೆಗೆ ಪರಿಚಿತ.

ಖಾರದಲ್ಲಿ ಪಂಥ ಬೇಡ. ಯಾಮ್‌ಗೆ ಬೀಳುವ ಪ್ರಿಕ್ ಖೀ ನೂ ನಮ್ಮ ಮಲೆನಾಡಿನ ಸೂಜಿಮೆಣಸಿನಂಥದ್ದೇ, ಬೇಯಿಸದೆ ಹಸಿಯಾಗಿಯೇ ಜಜ್ಜಿ ಹಾಕುತ್ತಾರೆ. ‘ಪೆಟ್ ನಿಟ್ ನೋಯ್’ ಎಂದರೆ ಸ್ವಲ್ಪ ಖಾರ. ಬಾಯಿ ಉರಿದರೆ ನೀರು ಕುಡಿದು ಫಲವಿಲ್ಲ. ಅನ್ನ, ಸೌತೆಕಾಯಿ ತಿನ್ನಿ.

‘ಮೊದಲು ಸೂಪ್, ಆಮೇಲೆ ಉಳಿದದ್ದು’ ಎಂದೂ ಹೇಳಬೇಡಿ. ಎಲ್ಲವೂ ಒಟ್ಟಿಗೆ ಮೇಜಿಗೆ ಬಂದರೇನೇ ಹುಳಿ, ಉಪ್ಪು, ಸಿಹಿ, ಖಾರ ಒಂದನ್ನೊಂದು ತೂಗುವುದು.

5. ಉಣ್ಣುವುದು. ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್. ಫೋರ್ಕಿನಿಂದ ಚಮಚಕ್ಕೆ ತಳ್ಳಬೇಕು, ಬಾಯಿಗೆ ಹೋಗುವುದು ಚಮಚವೇ. ಅನ್ನಕ್ಕೆ ಚಾಪ್‌ಸ್ಟಿಕ್ ಕೇಳಬೇಡಿ. ನಡುವಿನ ಬಟ್ಟಲಿಗೆ ಹಾಕಲು ಬೇರೆ ಚಮಚ ಇರುತ್ತದೆ. ಒಂದು ಬಗೆಯನ್ನು ಒಂದೆರಡು ಚಮಚ ಅನ್ನದ ಮೇಲೆ ಹಾಕಿಕೊಂಡು ಮುಗಿಸಿ, ಆಮೇಲೆ ಇನ್ನೊಂದು. ಐದನ್ನೂ ತಟ್ಟೆಗೆ ಸುರಿದು ಕಲಸಿದರೆ ಯಾವುದರ ರುಚಿಯೂ ಸಿಗದು. ಸಾರಿನಲ್ಲಿ ತೇಲುವ ಮಜ್ಜಿಗೆಹುಲ್ಲಿನ ದಂಟು, ಶುಂಠಿಯಂಥ ಖಾ, ನಿಂಬೆಜಾತಿಯ ಎಲೆ ಪರಿಮಳಕ್ಕಷ್ಟೇ, ಬದಿಗೆ ಸರಿಸಿ.

ಏಪ್ರಿಲ್-ಮೇನಲ್ಲಿ ಹೋದರೆ ಕೊನೆಗೆ ಮಾವಿನಹಣ್ಣು, ಅಂಟಕ್ಕಿ ಅನ್ನ.

6. ಬಿಲ್. ಮೆನುವಿನ ಬೆಲೆಯ ಮುಂದೆ ‘++’ ಇದ್ದರೆ ಶೇ 10 ಸರ್ವಿಸ್ ಚಾರ್ಜ್, ಅದರ ಮೇಲೆ ಶೇ 7 ವ್ಯಾಟ್. ಅಂದರೆ 1,000 ಬಾತಿನ (ಥಾಯ್ ಕರೆನ್ಸಿ) ಊಟಕ್ಕೆ 1,177 ಬಾತ್. ನೀರಿನ ಬಾಟಲಿಗೂ ದುಡ್ಡು, ತೆರೆಯುವ ಮುಂಚೆ ಬೆಲೆ ಕೇಳಿ. ಸರ್ವಿಸ್ ಚಾರ್ಜ್ ಸೇರಿದ್ದರೆ ಟಿಪ್ಸ್ ಕಡ್ಡಾಯವಲ್ಲ, ಉಳಿದ ಚಿಲ್ಲರೆ ಬಿಟ್ಟು ಎದ್ದರೆ ಸಾಕು.