ವಿಶ್ಲೇಷಕರ ಭವಿಷ್ಯವಾಣಿಗೆ ಲೆಕ್ಕ ಇಡುವುದು ಹೇಗೆ?

ಒಬ್ಬನೇ ರಾಜಕೀಯ ವಿಶ್ಲೇಷಕನ ಬಗ್ಗೆ ‘ಹೇಳಿದ್ದೆಲ್ಲ ನಿಜವಾಯಿತು’ ಎಂದು ಒಬ್ಬರು, ‘ಒಂದೂ ಆಗಲಿಲ್ಲ’ ಎಂದು ಮತ್ತೊಬ್ಬರು ವಾದಿಸುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಇಬ್ಬರ ಬಳಿಯೂ ಪಟ್ಟಿ ಇರುವುದಿಲ್ಲ. ಪಟ್ಟಿ ಮಾಡಿದವರೂ ಬಹುತೇಕ ಎರಡನೇ ಹಂತದಲ್ಲಿ ಎಡವುತ್ತಾರೆ.

ಹಂತ 1: ಒಬ್ಬ ವಿಶ್ಲೇಷಕ, ಒಂದು ಅಂಕಣ ಅಥವಾ ಕಾರ್ಯಕ್ರಮ, ಒಂದು ವರ್ಷ. ಇಂದಿನಿಂದ ಮುಂದಕ್ಕೆ ಎಲ್ಲವನ್ನೂ ದಾಖಲಿಸಿ. ಹಳೆಯದನ್ನು ಕೆದಕಬೇಡಿ, ಫಲಿತಾಂಶ ಗೊತ್ತಿದ್ದಾಗ ಕಣ್ಣು ತನಗೆ ಬೇಕಾದುದನ್ನೇ ಹೆಕ್ಕುತ್ತದೆ. ಜಾಲತಾಣಗಳಲ್ಲಿ ಹರಿದಾಡುವ ‘ತಪ್ಪಿದ ಭವಿಷ್ಯಗಳ’ ವಿಡಿಯೊ ತುಣುಕುಗಳು ಇದೇ ಕಾರಣಕ್ಕೆ ಕೆಲಸಕ್ಕೆ ಬಾರದವು.

ಹಂತ 2: ಹೇಳಿದ ಮಾತನ್ನು ಅಕ್ಷರಶಃ, ದಿನಾಂಕದೊಡನೆ ಒಂದು ಕೋಷ್ಟಕದಲ್ಲಿ ಬರೆಯಿರಿ. ಪುಟದ ಪ್ರತಿಯನ್ನು ಉಳಿಸಿಕೊಳ್ಳಿ, ಲೇಖನಗಳು ಸದ್ದಿಲ್ಲದೆ ತಿದ್ದುಪಡಿಯಾಗುತ್ತವೆ. ಸಾರಾಂಶ ಬರೆದುಕೊಡುವ ತಂತ್ರಾಂಶಗಳನ್ನು ನಂಬಬೇಡಿ. ಅವು ಮಾತಿನೊಳಗಿನ ‘ಆದರೆ’, ‘ಒಂದು ವೇಳೆ’ಗಳನ್ನು ನುಂಗಿಬಿಡಬಲ್ಲವು.

ಕೋಷ್ಟಕದ ಪಕ್ಕದ ಅಂಕಣದಲ್ಲಿ ಅದೇ ಮಾತನ್ನು ಪರೀಕ್ಷಿಸಬಹುದಾದ ರೂಪಕ್ಕೆ ತನ್ನಿ: ಏನು, ಯಾವಾಗಿನೊಳಗೆ, ಯಾವ ದಾಖಲೆಯ ಪ್ರಕಾರ. ‘ಬೆಲೆಗಳು ಸದ್ಯದಲ್ಲೇ ಹತೋಟಿಗೆ ಬರುತ್ತವೆ’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ‘ಆರು ತಿಂಗಳೊಳಗೆ ಅಧಿಕೃತ ಹಣದುಬ್ಬರ ದರ ಇಂದಿಗಿಂತ ಕಡಿಮೆ’ ಎಂದು ನೀವು ಬಿಡಿಸಿಕೊಂಡರೆ ಅದು ನಿಮ್ಮ ಅರ್ಥ, ಅವರದಲ್ಲ. ಅದಕ್ಕೊಂದು ಗುರುತು ಹಾಕಿ, ಗಡುವಿಗೆ ಮೊದಲೇ ಆ ವಿಶ್ಲೇಷಕನ ಅಭಿಮಾನಿಯೊಬ್ಬರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ‘ಮೈತ್ರಿ ಮುರಿದರೆ ಸರ್ಕಾರ ಬೀಳುತ್ತದೆ’ ಎಂಬಲ್ಲಿ ಮೈತ್ರಿ ಮುರಿಯದಿದ್ದರೆ ಆ ಸಾಲು ರದ್ದು. ಅದನ್ನು ತಪ್ಪಿನ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ.

‘ಸಾಧ್ಯತೆ ಇದೆ’ ಎಂಬ ಮಾತಿನದು ಇನ್ನೂ ದೊಡ್ಡ ತೊಡಕು. 1951ರಲ್ಲಿ ಅಮೆರಿಕದ ಗುಪ್ತಚರ ವಿಶ್ಲೇಷಕ ಶೆರ್ಮನ್ ಕೆಂಟ್, ತಮ್ಮ ತಂಡದ ವರದಿಯಲ್ಲಿದ್ದ ‘ಗಂಭೀರ ಸಾಧ್ಯತೆ’ ಎಂಬ ಮಾತಿಗೆ ಎಷ್ಟು ಪ್ರಮಾಣ ಎಂದು ಸಹೋದ್ಯೋಗಿಗಳನ್ನು ಕೇಳಿದಾಗ ಉತ್ತರಗಳು ಶೇ 20ರಿಂದ ಶೇ 80ರವರೆಗೆ ಹರಡಿದ್ದವು. ಆದ್ದರಿಂದ ಇಂಥ ಮಾತಿಗೆ ನೀವೇ ಅಂಕಿ ಹಚ್ಚಬೇಡಿ. ‘ಅಳೆಯಲಾಗದ್ದು’ ಎಂಬ ಪ್ರತ್ಯೇಕ ಅಂಕಣಕ್ಕೆ ಹಾಕಿ. ನನ್ನ ಮಟ್ಟಿಗೆ ಇಡೀ ಕೋಷ್ಟಕದಲ್ಲಿ ಮೊದಲು ಓದಬೇಕಾದ ಅಂಕಣ ಅದೇ.

ಹಂತ 3: ಗಡುವಿನ ದಿನ ಸರಿ, ತಪ್ಪು ಅಥವಾ ರದ್ದು ಎಂದು ಬರೆಯಿರಿ. ‘ಬಹುತೇಕ ಸರಿ’ ಎಂಬ ಮನೆ ಬೇಡ.

ಹಂತ 4: ಅಂಕ. ವಿಶ್ಲೇಷಕ ಶೇಕಡಾವಾರು ಹೇಳಿದ್ದರೆ, 1950ರಲ್ಲಿ ಹವಾಮಾನ ತಜ್ಞ ಗ್ಲೆನ್ ಬ್ರಯರ್ ಮುಂದಿಟ್ಟ ವಿಧಾನದ ಈಗಿನ ಸರಳ ರೂಪವನ್ನು ಬಳಸಿ. ನಡೆದದ್ದಕ್ಕೆ 1, ನಡೆಯದ್ದಕ್ಕೆ 0 ಎಂದಿಟ್ಟು, ಹೇಳಿದ ಅಂಕಿಗೂ ಅದಕ್ಕೂ ಇರುವ ಅಂತರದ ವರ್ಗ ತೆಗೆಯಿರಿ. ಶೇ 70 ಎಂದದ್ದು ನಡೆದರೆ 0.3ರ ವರ್ಗ, ಅಂದರೆ 0.09, ನಡೆಯದಿದ್ದರೆ 0.7ರ ವರ್ಗ, 0.49. ಸರಾಸರಿ ಕಡಿಮೆಯಾದಷ್ಟೂ ಒಳ್ಳೆಯದು. ಸದಾ ಶೇ 50 ಎನ್ನುವವನಿಗೂ 0.25 ಸಿಗುತ್ತದೆ.

ಬರಿಯ ಸರಿ-ತಪ್ಪಿನ ಲೆಕ್ಕವಾದರೆ ‘ಇದ್ದ ಸ್ಥಿತಿಯೇ ಮುಂದುವರಿಯುತ್ತದೆ’ ಎಂಬ ಕಾಲ್ಪನಿಕ ವಿಶ್ಲೇಷಕನನ್ನೂ ಪಕ್ಕದಲ್ಲಿಟ್ಟು ಅಂಕ ಕೊಡಿ. ಇದನ್ನು ಬಿಟ್ಟರೆ ಲೆಕ್ಕವೇ ವ್ಯರ್ಥ. 284 ತಜ್ಞರನ್ನು ಸುಮಾರು ಎರಡು ದಶಕ ಗಮನಿಸಿದ ಮನೋವಿಜ್ಞಾನಿ ಫಿಲಿಪ್ ಟೆಟ್ಲಾಕ್, ಅನೇಕರು ಇಂಥ ಸರಳ ಸೂತ್ರವನ್ನೂ ಮೀರಲಿಲ್ಲ, ಮಾಧ್ಯಮಗಳಲ್ಲಿ ಹೆಚ್ಚು ಹೆಸರಾದವರು ಇನ್ನೂ ಹಿಂದಿದ್ದರು ಎಂದು ಕಂಡುಕೊಂಡರು.

ಹತ್ತೇ ಭವಿಷ್ಯವಾಣಿಗಳಿಗೆ ತೀರ್ಪು ಕೊಡಬೇಡಿ. ನಾಣ್ಯವನ್ನು ಹತ್ತು ಸಲ ಚಿಮ್ಮಿದರೂ ಏಳು ಅಥವಾ ಹೆಚ್ಚು ಸಲ ಒಂದೇ ನಿಗದಿತ ಮುಖ ಬೀಳುವ ಸಂಭವ ಸುಮಾರು ಶೇ 17. ನಾನು ಐವತ್ತು ಸಾಲು ತುಂಬುವವರೆಗೆ ಯಾರಿಗೂ ಶೇಕಡಾವಾರು ಹೇಳುವುದಿಲ್ಲ. ಹೇಳುವಾಗಲೂ ರದ್ದಾದವು, ಅಳೆಯಲಾಗದವು, ಗುರುತು ಹಾಕಿದವು ಎಲ್ಲ ಸೇರಿದ ಪೂರ್ತಿ ಕೋಷ್ಟಕವನ್ನೇ ಮುಂದಿಡುತ್ತೇನೆ.