ಹೂಡಿಕೆಗೆ ಮನೆ ಕೊಳ್ಳುತ್ತೀರಾ? ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ

ಆಸ್ತಿ ವ್ಯವಹಾರದಲ್ಲಿ ಇರುವುದು ಕೂಡುವ, ಕಳೆಯುವ ಲೆಕ್ಕ ಅಷ್ಟೇ. ಎಡವುವುದು ಬೇರೆ ಕಡೆ. ಮನೆ ಒಮ್ಮೆ ಕಣ್ಣಿಗೆ ಹಿಡಿಸಿತು ಅಂದರೆ ಲೆಕ್ಕವನ್ನೇ ನಮಗೆ ಬೇಕಾದ ಹಾಗೆ ಬಗ್ಗಿಸಿಕೊಳ್ಳುತ್ತೇವೆ. ಬಾಡಿಗೆ ಸ್ವಲ್ಪ ಜಾಸ್ತಿ ಬಂದೀತು, ರಿಪೇರಿ ಸ್ವಲ್ಪ ಕಮ್ಮಿ ಆದೀತು. ಅಷ್ಟರಲ್ಲಿ ಬ್ರೋಕರ್ 'ಇನ್ನೊಬ್ಬರು ಅಡ್ವಾನ್ಸ್ ಕೊಡೋಕೆ ಬರ್ತಿದ್ದಾರೆ' ಅಂದರೆ ಮುಗಿದೇ ಹೋಯಿತು. ಹಾಗಾಗಿ ತಲೆ ತಣ್ಣಗಿರುವಾಗಲೇ ಬರೆದಿಡಬೇಕು.

ಹಂತ 1: ಮನೆ ನೋಡುವ ಮುಂಚೆ ಮೂರು ಸಾಲು

ಯಾಕೆ ಕೊಳ್ಳುತ್ತಿದ್ದೇನೆ? ಎಷ್ಟರ ಮೇಲೆ ಒಂದು ಪೈಸೆಯೂ ಕೊಡುವುದಿಲ್ಲ? ಏನಾದರೆ ಮಾರುತ್ತೇನೆ? ಇಷ್ಟೇ. ಮೊದಲ ಪ್ರಶ್ನೆಗೆ 'ಬಾಡಿಗೆಯೂ ಬೇಕು, ಬೆಲೆಯೂ ಏರಬೇಕು' ಎಂದು ಬರೆದರೆ ಅದು ಉತ್ತರವಲ್ಲ, ಆಸೆ. ಎರಡರಲ್ಲಿ ಯಾವುದು ಮುಖ್ಯ ಎಂದು ತೀರ್ಮಾನಿಸಿ. ಖಾಲಿ ನಿವೇಶನ ತಿಂಗಳಿಗೆ ಏನೂ ಕೊಡುವುದಿಲ್ಲ. ಅದರ ಸಾಲದ ಕಂತನ್ನು ನಿಮ್ಮ ಸಂಬಳವೇ ಹೊರಬೇಕು.

ಹಂತ 2: ಬಾಡಿಗೆಯಲ್ಲಿ ಕೈಗೆ ಉಳಿಯುವುದು ಎಷ್ಟು?

ವರ್ಷದ ಪೂರ್ತಿ ಬಾಡಿಗೆ 100 ಅಂತಿಟ್ಟುಕೊಳ್ಳಿ. ಮನೆ ಒಂದೇ ಒಂದು ತಿಂಗಳು ಖಾಲಿ ಬಿದ್ದರೆ 8 ಹೋಯಿತು. ಆಸ್ತಿ ತೆರಿಗೆ, ವಿಮೆ, ನಿರ್ವಹಣೆ, ಬಾಡಿಗೆದಾರರು ಬದಲಾದಾಗಲೆಲ್ಲ ಹೊಡೆಸುವ ಬಣ್ಣ, ಕೈಕೊಡುವ ಪಂಪು ಎಲ್ಲ ಸೇರಿ 25 ಎಂದು ಹಿಡಿದರೆ ಉಳಿಯುವುದು 67. ಈಗ ಮನೆಗೆ ಬಿದ್ದ ಒಟ್ಟು ಹಣ ಬರೆಯಿರಿ. ಬೆಲೆ ಮಾತ್ರ ಅಲ್ಲ. ನೋಂದಣಿ, ವಕೀಲರ ಫೀಸು, ಬ್ರೋಕರ್ ಕಮಿಷನ್, ಮೊದಲ ರಿಪೇರಿ ಎಲ್ಲವೂ. ಉಳಿದ ಬಾಡಿಗೆಯನ್ನು ಆ ಮೊತ್ತದಿಂದ ಭಾಗಿಸಿ, 100ರಿಂದ ಗುಣಿಸಿ. ಅದು ನಿಮ್ಮ ಅಸಲಿ ಇಳುವರಿ. ಸಾಲದ ಬಡ್ಡಿ ದರ ಇದಕ್ಕಿಂತ ಹೆಚ್ಚಿದ್ದರೆ, ಸಾಲ ಜಾಸ್ತಿ ಮಾಡಿದಷ್ಟೂ ಬಾಡಿಗೆಯಿಂದ ಕೈಗೆ ಬರುವ ಲಾಭ ಕಮ್ಮಿಯಾಗುತ್ತದೆ. ಆಗ ನೀವು ಬೆಲೆ ಏರಿಕೆಯನ್ನೇ ನಂಬಿ ಕೂತಿದ್ದೀರಿ ಎಂದರ್ಥ. ಹಾಗೆ ಕೂರುವುದು ತಪ್ಪಲ್ಲ, ಆದರೆ ಗೊತ್ತಿದ್ದು ಕೂರಬೇಕು.

ಹಂತ 3: ಸಾಲವನ್ನು ಬಿಡಿಸಿ ನೋಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. 1 ಲಕ್ಷ ಸಾಲ, ಶೇ 9 ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 900. ಮೊದಲ ಕಂತಿನಲ್ಲಿ 750 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 150. ಇದೇ ಲೆಕ್ಕದಲ್ಲಿ ಅರ್ಧ ಅಸಲು ತೀರಲು ಹತ್ತಿರ ಹತ್ತಿರ 14 ವರ್ಷ ಬೇಕು. 'ಐದು ವರ್ಷ ಕಟ್ಟಿದ್ದೇನೆ, ಕಾಲು ಭಾಗ ತೀರಿರಬೇಕು' ಅನ್ನುವವರು ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆದು ನೋಡಿ ಬೆಚ್ಚುವುದು ಇದಕ್ಕೇ. ಬಡ್ಡಿ ಶೇ 11ಕ್ಕೆ ಏರಿದರೆ ಕಂತು 1,030 ದಾಟುತ್ತದೆ. ದರ ಬದಲಾಗುವ ಸಾಲವಾದರೆ ಆ ಕಂತನ್ನೂ ಕಟ್ಟಬಲ್ಲಿರಾ ಎಂದು ಈಗಲೇ ಬರೆದು ನೋಡಿ.

ಇನ್ನೊಂದು ಲೆಕ್ಕ. ಕೈಯಿಂದ 20, ಸಾಲದಿಂದ 80 ಹಾಕಿ 100ರ ಮನೆ ಕೊಂಡಿರಿ. ಬೆಲೆ ಶೇ 10 ಏರಿದರೆ ನಿಮ್ಮ 20 ಈಗ 30. ಖುಷಿಯೇ. ಶೇ 10 ಇಳಿದರೆ ನಿಮ್ಮ ಹಣ ಅರ್ಧಕ್ಕರ್ಧ ಹೋಯಿತು, ಸಾಲ ಮಾತ್ರ ಹಾಗೇ ಇದೆ. 'ಭೂಮಿ ಬೆಲೆ ಯಾವತ್ತೂ ಇಳಿಯಲ್ಲ' ಅನ್ನುವವರು ಎಲ್ಲ ಕಡೆ ಇದ್ದಾರೆ. ಜಪಾನಿನಲ್ಲಿ 1991ರ ನಂತರ ಭೂಮಿ ಬೆಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಳಿಯುತ್ತಲೇ ಹೋಯಿತು. ಅಮೆರಿಕದಲ್ಲಿ 2006ರ ನಂತರ ಬೀಳತೊಡಗಿದ ಮನೆಗಳ ಬೆಲೆ ಮತ್ತೆ ಮೇಲೇಳಲು 2012 ಬರಬೇಕಾಯಿತು.

ಹಂತ 4: ಮನೆಯನ್ನು ಮುಟ್ಟಿ ನೋಡಿ

ಅಡುಗೆಮನೆ ಸಿಂಕಿನ ಕೆಳಗಿನ ಬಾಗಿಲು ತೆಗೆದು ಹಲಗೆಯ ಮೇಲೆ ಕೈ ಆಡಿಸಿ. ಹಲಗೆ ಉಬ್ಬಿದ್ದರೆ ನೀರು ಇವತ್ತು ನಿನ್ನೆಯಿಂದ ಸೋರುತ್ತಿಲ್ಲ. ಇಡೀ ಮನೆಯಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಬಿದ್ದಿದ್ದರೆ ಆ ಗೋಡೆಯ ಹಿಂದೆ ಬಚ್ಚಲು ಇದೆಯಾ ನೋಡಿ. ಎಲ್ಲ ನಲ್ಲಿ ಒಟ್ಟಿಗೆ ಬಿಟ್ಟು ನೀರಿನ ರಭಸ ಕುಗ್ಗುತ್ತದಾ ಗಮನಿಸಿ. ರಾತ್ರಿ ಒಮ್ಮೆ, ಮಳೆ ಬಂದ ಮೇಲೆ ಒಮ್ಮೆ ಹೋಗಿ ಬನ್ನಿ. ಕಾಗದಪತ್ರದ ವಿಷಯದಲ್ಲಿ ಒಂದೇ ಮಾತು: ನಿಮ್ಮ ದುಡ್ಡಿನಿಂದ ನಿಮಗಾಗಿ ಕೆಲಸ ಮಾಡುವ ವಕೀಲರಿಂದಲೇ ನೋಡಿಸಿ, ಮಾರುವವರು ತೋರಿಸಿದವರಿಂದಲ್ಲ.

ಹಂತ 5: ಬೇಡ ಅನ್ನುವುದನ್ನು ರೂಢಿ ಮಾಡಿಕೊಳ್ಳಿ

ಹಂತ 1ರಲ್ಲಿ ಬರೆದ ಗರಿಷ್ಠ ಬೆಲೆಯನ್ನು ಮಾತುಕತೆಗೆ ಕೂತಾಗ ತಿದ್ದಬೇಡಿ. ಏರಿಸಲೇಬೇಕು ಅನ್ನಿಸಿದರೆ ಮನೆಗೆ ಬಂದು, ಕಾರಣ ಬರೆದು, ಮಾರನೇ ದಿನ ಏರಿಸಿ. ಬಹಳ ಸಲ ಬರೆಯಲು ಕಾರಣವೇ ಸಿಗುವುದಿಲ್ಲ.

ಮಾರುವಾಗ ಇದರ ಉಲ್ಟಾ ತೊಂದರೆ. ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ ಎಂಬ ಅರ್ಥಶಾಸ್ತ್ರಜ್ಞರು 1990ರ ದಶಕದ ಬೋಸ್ಟನ್ ನಗರದ ಫ್ಲ್ಯಾಟ್ ಮಾರಾಟವನ್ನು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದರು. ಕೊಂಡ ಬೆಲೆಗಿಂತ ಕಮ್ಮಿಗೆ ಮಾರಬೇಕಾಗಿ ಬಂದವರು ಉಳಿದವರಿಗಿಂತ ಹೆಚ್ಚು ಬೆಲೆ ಕೇಳುತ್ತಿದ್ದರು. ಅವರ ಫ್ಲ್ಯಾಟ್‌ಗಳು ಮಾರಾಟವಾಗುವುದೂ ನಿಧಾನವಾಗುತ್ತಿತ್ತು. ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಇವತ್ತು ಕೊಳ್ಳಲು ಬಂದವರಿಗೆ ಯಾಕೆ ಬೇಕು, ಅಲ್ವಾ? ಬೆಲೆ ಏರಲೆಂದು ಸುಮ್ನೆ ಕಾಯುವಾಗಲೂ ಕಂತು ಮತ್ತು ತೆರಿಗೆ ನಿಲ್ಲುವುದಿಲ್ಲ. ಏನಾದರೆ ಮಾರುತ್ತೇನೆ ಎಂಬ ಆ ಮೂರನೇ ಸಾಲು ಉಪಯೋಗಕ್ಕೆ ಬರುವುದು ಇಲ್ಲಿ.

ಹಂತ 6: ಅಂಗಡಿ ನಡೆಸಿದ ಹಾಗೆ ನಡೆಸಿ

ಬಾಡಿಗೆಗೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಮನೆ ಖರ್ಚಿನ ಜೊತೆ ಬೆರೆತರೆ ಲಾಭವೋ ನಷ್ಟವೋ ಗೊತ್ತೇ ಆಗುವುದಿಲ್ಲ. ಆರು ತಿಂಗಳ ಕಂತಿನಷ್ಟು ಹಣ ಆ ಖಾತೆಯಲ್ಲಿ ಇರಲೇಬೇಕು ಎಂದು ನಾನಂತೂ ಹೇಳುತ್ತೇನೆ. ಅದಿಲ್ಲದವರು ಅವಸರಕ್ಕೆ ಸಿಕ್ಕ ಬೆಲೆಗೆ ಮಾರಿಬಿಡಬೇಕಾಗುತ್ತದೆ.

ಬಾಡಿಗೆದಾರರ ವಿಷಯದಲ್ಲಿ ಜಿಪುಣತನ ಬೇಡ. ಶೇ 5 ಬಾಡಿಗೆ ಏರಿಸಿದಿರಿ, ಒಳ್ಳೆಯವರು ಬಿಟ್ಟು ಹೋದರು, ಮನೆ ಒಂದು ತಿಂಗಳು ಖಾಲಿ ಬಿತ್ತು. ಆ ಒಂದು ತಿಂಗಳ ನಷ್ಟ ತುಂಬಲು ಏರಿಸಿದ ಬಾಡಿಗೆ 20 ತಿಂಗಳು ಬರಬೇಕು, ಬಣ್ಣದ ಖರ್ಚು ಬೇರೆ. ಏರಿಸಲೇಬಾರದು ಅಂತಲ್ಲ. ಏರಿಸುವ ಮುಂಚೆ ಈ ಲೆಕ್ಕ ಮಾಡಿ, ಮತ್ತೆ ನಲ್ಲಿ ಸೋರುತ್ತಿದೆ ಎಂದು ಫೋನ್ ಬಂದಾಗ ಅದೇ ವಾರ ಪ್ಲಂಬರ್ ಕಳಿಸಿ.

ಹಂತ 7: ಎರಡನೆಯದಕ್ಕೆ ಮುಂಚೆ

ಮೊದಲ ಮನೆಯ 12 ತಿಂಗಳ ನಿಜವಾದ ಖರ್ಚು ಕೈಯಲ್ಲಿ ಬರುವ ತನಕ ಎರಡನೇ ಮನೆ ನೋಡಲು ಹೊರಡಬೇಡಿ. ನೋಟ್‌ಬುಕ್ಕಿನಲ್ಲಿ ಅಂದಾಜು ಒಂದು ಕಡೆ, ಆದದ್ದು ಇನ್ನೊಂದು ಕಡೆ ಬರೆಯಿರಿ. ಲಾಭ ಬಂದಿದ್ದರೆ ಯಾಕೆ ಬಂತು ಎಂದೂ ಬರೆಯಿರಿ: ನೀವು ಚೆನ್ನಾಗಿ ನಡೆಸಿದ್ದಕ್ಕೋ, ಸುತ್ತಲಿನ ಎಲ್ಲರ ಬೆಲೆಯೂ ಏರಿದ್ದಕ್ಕೋ? ಏರುವ ಮಾರುಕಟ್ಟೆಯಲ್ಲಿ ಎಲ್ಲರೂ ಜಾಣರೇ. ರಿಪೇರಿಗೆ 10 ಎಂದು ಅಂದಾಜಿಸಿ 16 ಆಗಿದ್ದರೆ, ಎರಡನೇ ಮನೆಯ ಪುಟದಲ್ಲಿ 16 ಎಂದೇ ಬರೆದು ಲೆಕ್ಕ ಶುರು ಮಾಡಿ.